ನಾಲಿಗೆಗೆ ಅಂಟದ ಚೂರು

ಚಿಟಗುಪ್ಪದ ಕುಂಬಾರ ಓಣಿಯಲ್ಲಿ
ಒಡೆದ ಚೂರನ್ನು ನಾಲಿಗೆಗೆ ಒತ್ತಿ ನೋಡುತ್ತಾಳೆ ಗುಂಡಮ್ಮ.
ಅಂಟಿತೋ, ಇನ್ನೂ ಬಾಯಾರಿದೆ ಮಣ್ಣು.

ನಲವತ್ತು ವರ್ಷ ಗಡಗಿ ಮಾಡಿದ ಕೈ.
ಹೊಟ್ಟು, ಕತ್ತೆಲದ್ದಿ ಕಲಸಿ
ಸುಟ್ಟಮೇಲೆ ಅವು ಬಿಟ್ಟುಹೋದ ಜಾಗದಿಂದ
ಬಿಸಿಲಿಗೆ ಬೆವರಲಿ, ನೀರು ತಣ್ಣಗಿರಲಿ ಎಂದು
ತೂತುಗಳನ್ನೇ ಸಾಕಿದವಳು.

ಈಗ ದವಾಖಾನೆ ಹಿಂದಿನ ಝುಲೇಖಾಬಿಗೆ
ಉಪ್ಪಿನಕಾಯಿ ಜಾಡಿ ಬೇಕು.
ಹೋದ ಸಲದ್ದು ಮೂರೇ ದಿನಕ್ಕೆ ಎಣ್ಣೆ ಜಿನುಗಿ
ಗೂಡಿಗೆ ಹಾಸಿದ ಪೇಪರಿನ
ಹಿಂದಿನ ಪುಟವೂ ಓದಲು ಬರುತ್ತಿತ್ತು.
"ಬೆವರೋದು ಗಡಗಿಗೆ ಚಂದ ಅಕ್ಕಾ, ಜಾಡಿಗಲ್ಲ."

ಹೊಟ್ಟು ಬಿಟ್ಟಳು.
ಬಿಳಿ ಜೇಡಿಗೆ ಬಳೆಚೂರು ಅರೆದು, ಜರಡಿ ಹಿಡಿದು ಬೆರೆಸಿದಳು.
ಮೊದಲ ಬೆಂಕಿ ಸಾಲಲಿಲ್ಲ, ನಾಲಿಗೆ ಅಂಟಿತು.
ಎರಡನೆಯದು ಅತಿಯಾಗಿ
ಒಳಗಿನ ಗಾಳಿ ಕುದಿದು, ಜಾಡಿ ರೊಟ್ಟಿಯಂತೆ ಉಬ್ಬಿತು.
ಮೂರನೆಯ ಸಲ ಉರಿ ಏರಿಸಲಿಲ್ಲ, ಇಳಿಸಲೂ ಇಲ್ಲ,
ಕೋಳಿ ಕೂಗುವ ತನಕ ಇದ್ದಲ್ಲೇ ನಿಲ್ಲಿಸಿ
ಕಾದಳು.

ಚೂರೊಂದನ್ನು ತೂಗಿ, ಕುದಿಸಿ, ಒರೆಸಿ, ಮತ್ತೆ ತೂಗಿದ
ಸರಾಫ ವೈಜಿನಾಥ:
"ಗುಂಜಿಯಷ್ಟೂ ಕುಡಿದಿಲ್ಲ ನೋಡವ್ವಾ ಇದು!"

ಆದರೆ ಬಾಯಿ ಮುಚ್ಚುವಾಗ ಮಣ್ಣು ಮೈಯನ್ನೂ ಬಿಗಿಹಿಡಿಯುತ್ತದೆ.
ಎರಡು ಬೆರಳು ಗಿಡ್ಡಾಗಿತ್ತು ಜಾಡಿ;
ಗಡಗಿಮಣ್ಣಿನ ಮುಚ್ಚಳ, ಹಳೆ ಅಳತೆಯದು,
ಒಳಗಿಳಿಯಲೊಲ್ಲದು.

ನಕ್ಕಳು.
ಚೂರುಗಳಿಗೆ ತರಚಿದ ನಾಲಿಗೆಗೆ
ಅಂಗಳದಲ್ಲಿ ಬೆವರುತ್ತ ಕೂತ ಗಡಗಿಯಿಂದ
ಒಂದು ತಂಬಿಗೆ ನೀರು.

ಮುಚ್ಚಳದ ಮಾತು ನಾಳಿಗೆ.