ಮೂವತ್ತೇಳು

ಕುಚ್ಚಲಕ್ಕಿಯ ಅರ್ಧ ಕಾಳಿನಷ್ಟು ಚೂರು,
ಹೆಸರಿಲ್ಲ; ಮೂವತ್ತೇಳು ಎಂಬ ಚೀಟಿ.
ಮಣಿಪಾಲದ ನೆಲಮಾಳಿಗೆಯಲ್ಲಿ
ಎಕ್ಸ್‌ರೇ ಅದನ್ನು ಹಾದು ಚೆದುರುವುದನ್ನು ಕಾಯುತ್ತೇನೆ.

ಸೀರೆಗೆಂದು ಹೋದಾಗ ಕಿನ್ನಿಗೋಳಿಯ ಲೋಲಾಕ್ಷಕ್ಕ
ಮಗ್ಗದಿಂದಿಳಿದ ಸೆರಗನ್ನು ರಸ್ತೆದೀಪಕ್ಕೆ ಹಿಡಿದಿದ್ದರು:
“ನೂಲು ಸಾಲಲ್ಲಿದ್ರೆ ಬೆಳಕು ನಕ್ಷತ್ರ ಆಗ್ತದೆ,
ಸಾಲು ತಪ್ಪಿದಲ್ಲಿ ಬರೀ ಮಬ್ಬು ಮಾರಾಯ್ತಿ.”

ಚೂರಿನ ಅಂಚಿನಲ್ಲಿ ಉಂಗುರ ಮೂಡಿತು,
ಹೊಸ ಬಳೆಯಷ್ಟು ಚೊಕ್ಕ.
ಒಂದು ಮಿಲಿಮೀಟರ್ ಸರಿಸಿದೆ.
ಉಂಗುರ ಕರಗಿ ಗಂಜಿತಿಳಿಯಂಥ ಮಬ್ಬು.

ಮತ್ತೆ ಅಳೆದೆ,
ಯಂತ್ರದ್ದೇ ತಪ್ಪಿರಲಿ ಎಂದು.
ಅದು ತಪ್ಪಿರಲಿಲ್ಲ.

ನನ್ನ ಪ್ರಬಂಧಕ್ಕಿದು ಒಳ್ಳೆಯ ಫಲಿತಾಂಶ.
ಹಾಗೆಂದೇ ಪುಸ್ತಕದಲ್ಲಿ ಬರೆದೆ.
ಮೂವತ್ತೇಳು ಯಾರೆಂದು ಕೇಳುವ ಹಾಗಿಲ್ಲ;
ಅವಳ ಮನೆಯಲ್ಲಿ ಇವತ್ತು ಮೀನು ಯಾರು ತೊಳೆದರೋ.

ಕಂಪ್ಯೂಟರು ಆರಿಸಿದೆ.
ಕತ್ತಲಲ್ಲಿ ಸೆರಗಿನಡಿ, ಎಡಗಡೆ,
ಮೂರು ಬೆರಳಿಟ್ಟು
ಸಾಲು ಹುಡುಕಿದೆ.