ಕೂತಲ್ಲೇ ನಾನೂರು ಮೀಟರು

ಬೆಟ್ಟದಲ್ಲಿ ಸಿಮ್ಮಿಗೆ ಮರ್ಯಾದೆ ಇಲ್ಲ, ಗುರುವಾರ ರಾತ್ರಿಯೇ
ನಕ್ಷೆ ಇಳಿಸಿಟ್ಟುಕೋ ಎಂದಿದ್ದೆ ಇದ್ದಿನಬ್ಬನಿಗೆ.
ನಿಜ್ವಾದ ನಮ್ಮ ರೂಮಿನಲ್ಲಿ ಏಳು ಜನಕ್ಕೆ ಒಂದೇ ವೈಫೈ,
ಏಳೂ ಜನ ಅವರವರ ಊರಿನ ಮುಖಗಳನ್ನು
ಎಳೆದುಕೊಳ್ಳುವ ಹೊತ್ತು ಅದು.
ಎರಡು ಗಂಟೆ ದಾಟಿದ ಮೇಲೆ
ಹಜರ್ ಪರ್ವತದ ನಮ್ಮ ಪಾಲಿನ ತುಂಡು
ತೊಂಬತ್ತು ಎಂಬಿಯಾಗಿ ನನ್ನ ಅಂಗೈಗೆ ಇಳಿಯಿತು.
ಅವನು ಗೊರಕೆ ಹೊಡೆಯುತ್ತಿದ್ದ.

ಲಿಫ್ಟು ರಿಪೇರಿಯವನು.
'ಮೇಲೆ, ಕೆಳಗೆ. ಇನ್ನೊಂದು ದಿಕ್ಕು
ನನಗೆ ಯಾರೂ ಕಲಿಸಲಿಲ್ಲ ಮಾರಾಯ.'

ಅಲ್ ಹಮ್ರಾ ದಾಟಿ, ಖರ್ಜೂರದ ತೋಟದ ಅಂಚಿಗೆ ಕಾರು ನಿಲ್ಲಿಸಿ
ಮೊದಲು ಏರೋಪ್ಲೇನ್ ಮೋಡು. ಬ್ಯಾಟರಿ ಉಳಿಯಲಿ.
ಪರದೆಯ ಬೆಳಕು ಅರ್ಧಕ್ಕೆ, ಪವರ್ ಬ್ಯಾಂಕು ಕಾಲುಚೀಲದೊಳಗೆ.
ಕಾರಿನ ಜಾಗಕ್ಕೊಂದು ಗುರುತು ಚುಚ್ಚಿದೆ.
ಅವನು ಹೊತ್ತದ್ದು ಆರು ಲೀಟರ್ ನೀರು,
ಖುಬೂಸಿನಲ್ಲಿ ಸುತ್ತಿದ ಆಮ್ಲೆಟ್ಟು.

ಕಂದು ಗೆರೆಗಳು ದೂರ ದೂರ ಇದ್ದರೆ ಮಾತಾಡುತ್ತ ನಡೆ,
ಒತ್ತಾಗಿದ್ದರೆ ಬಾಯಿ ಮುಚ್ಚು, ಉಸಿರು ಉಳಿಸು.
ಕವಲು ಸಿಕ್ಕಲ್ಲೆಲ್ಲ ನಿಂತು ಹೆಸರಿಟ್ಟೆ, ಕನ್ನಡದಲ್ಲೇ:
ಕತ್ತೆ ನಿಂತಿದ್ದ ಕಲ್ಲು.
ಎಡಕ್ಕೆ, ಬಲಕ್ಕಲ್ಲ.
ಇದ್ದಿನಬ್ಬ ನನ್ನನ್ನು ಬೈದ ಏರು.
ಇನ್ನೂ ಬೈಯುತ್ತಿರುವ ಏರು.

ವಾದಿಯ ಎರಡು ಗೋಡೆ ಹತ್ತಿರ ಬಂದಲ್ಲಿ
ಉಪಗ್ರಹದ ಮಾತು ಬಂಡೆಗೆ ಬಡಿದು ಬಡಿದು ತಡವಾಗಿ ತಲುಪಿ,
ನೀಲಿ ಚುಕ್ಕೆ ಒಮ್ಮೆ ಜಿಗಿದು
ಬೆಟ್ಟದ ಹೊಟ್ಟೆಯೊಳಗೆ ಹೋಗಿ ನಿಂತಿತು.
'ನಮ್ಮನ್ನು ಆಗಲೇ ಹೂತಿದ್ದಾರೆ ನೋಡು,' ಎಂದ ಇಣುಕಿ.
ಚುಕ್ಕೆಯನ್ನು ಅಲ್ಲೇ ಬಿಟ್ಟು ನಾವು ನಡೆದೆವು.
ಬಾನು ಅಗಲವಾದಾಗ ಅದೇ ಓಡಿ ಬಂದು ಸೇರಿಕೊಂಡಿತು.

ಆಮೇಲೆ ದಾರಿ ಮುಗಿಯಿತು.
ನಕ್ಷೆಯಲ್ಲಿ ಅಲ್ಲ, ಕಾಲಡಿ.
ಯಾವುದೋ ವರ್ಷದ ನೆರೆ ಕಚ್ಚಿಕೊಂಡು ಹೋದ ಅಂಚು.
ಚುಕ್ಕಿಗೆರೆ ಮಾತ್ರ ಗಾಳಿಯ ಮೇಲೆ
ಆರಾಮವಾಗಿ ಆಚೆ ದಡಕ್ಕೆ ನಡೆದಿತ್ತು.
ಜೂಮ್ ಮಾಡಿದೆ. ತಿರುಗಿಸಿದೆ. ಬೆರಳಿನ ಬೆವರಿಗೆ
ಪರದೆ ತನ್ನಷ್ಟಕ್ಕೆ ಎಲ್ಲೆಲ್ಲೋ ಸರಿಯಿತು, ಕೊನೆಗೆ
'ಫೋನು ತಣ್ಣಗಾಗಬೇಕು' ಎಂದು ಕಪ್ಪಾಯಿತು.

ಬೋರೆಮರದ ನೆರಳಲ್ಲಿ ಅದನ್ನು ಮಲಗಿಸಿ ಕೂತೆವು.
ಬೂಟು ಬಿಚ್ಚುತ್ತ ಇದ್ದಿನಬ್ಬ ಹೇಳಿದ:
ಒಮ್ಮೆ ಸೋಹಾರಿನಲ್ಲಿ, ಎಂಟಕ್ಕೂ ಒಂಬತ್ತಕ್ಕೂ ನಡುವೆ,
ಕರೆಂಟು ಹೋಗಿ ನಾಲ್ಕು ಗಂಟೆ ಹಗ್ಗದ ಪೆಟ್ಟಿಗೆಯ ತಲೆಯ ಮೇಲೆ.
ಕತ್ತಲು. ಯಾವ ಮಹಡಿಯದೋ ಹುರಿದ ಮೀನಿನ ವಾಸನೆ.
'ಅದು ಒಂಬತ್ತನೆಯದು ಅಂತ ಗೊತ್ತಾಯಿತು.
ಒಂಬತ್ತರಲ್ಲಿ ಒಬ್ಬಳು ಮಲಯಾಳಿ ನರ್ಸ್ ಇದ್ದಳು.'
ಅವಳ ಬಗ್ಗೆ ಮತ್ತೇನೂ ಹೇಳಲಿಲ್ಲ.
ಬೀಜವನ್ನು ಬಹಳ ಹೊತ್ತು ಬಾಯಲ್ಲಿ ಉರುಳಿಸಿ ಉಗಿದ.
ಫೋನು ಕಣ್ಣು ಬಿಟ್ಟು ಎಷ್ಟೋ ಹೊತ್ತಾಗಿತ್ತು,
ನಾವು ಏಳಲಿಲ್ಲ.

ದಾರಿ ಅವನಿಗೇ ಸಿಕ್ಕಿತು. ಆಡಿನ ಹಿಕ್ಕೆ, ಹಸಿಯದು,
ಮೇಲಿನ ಹಾಸಿನ ಕಡೆಗೆ ಸಾಲಾಗಿ.
ಹಿಂದೆಯೇ ಹೋಗಿ ಒಂದು ಕಲ್ಲಿನ ಧೂಳನ್ನು
ಲಿಫ್ಟಿನ ಗುಂಡಿ ಒರೆಸುವ ಹಾಗೆ ಹೆಬ್ಬೆರಳಲ್ಲಿ ಒರೆಸಿದ:
ಹಳದಿ, ಬಿಳಿ, ಕೆಂಪು. ಯಾರೋ ಬಳಿದಿಟ್ಟ ಪಟ್ಟಿ.
ನಾನು ಅಲ್ಲೂ ಒಂದು ಗುರುತು ಚುಚ್ಚಿದೆ. ಈ ಸಲ ಹೆಸರು ಹೊಳೆಯಲಿಲ್ಲ.

ರಾತ್ರಿ, ರೂಮು, ವೈಫೈ.
ಕೊಚ್ಚಿಹೋದ ಅಂಚನ್ನು ಮುಂದಿನವರಿಗಾಗಿ ತಿದ್ದಿ ಕಳಿಸಿದೆ:
ಇಲ್ಲಿ ಗಾಳಿ ಮಾತ್ರ ಇದೆ.
ಮಗ್ಗುಲಲ್ಲಿ ಅವನು, ಕಾಲು ಬಿಸಿನೀರಲ್ಲಿಟ್ಟು,
ನಮ್ಮ ದಿನದ ಕೆಂಪು ಗೆರೆಯ ಮೇಲೆ ಬೆರಳು ಸರಿಸಿ
ಬೋರೆಮರದ ಹತ್ತಿರ ತಡೆದ.
'ಇದೆಂತ ಇದು, ಜೇಡರ ಬಲೆ?'

ಕೂತವರನ್ನೂ ಅದು ಅಳೆಯುತ್ತದೆ, ಎಂದೆ.
ಸುಮ್ಮನೆ ಕೂತಾಗ ಚುಕ್ಕೆಗೆ ಸುಮ್ಮನಿರಲು ಬರುವುದಿಲ್ಲ,
ಅತ್ತಿತ್ತ ಅಲೆದು ಗಂಟು ಹಾಕುತ್ತದೆ.
ಆ ಮರದಡಿ ನಾವು ನಡೆದದ್ದು ನಾನೂರು ಮೀಟರಂತೆ.
ತಪ್ಪು ಲೆಕ್ಕ. ಒಂದು ಗುಂಡಿ ಒತ್ತಿದರೆ ಹೋಗುತ್ತದೆ.

ಅವನು ಕಾಲನ್ನು ನೀರಿನಿಂದ ತೆಗೆದು
ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.
'ನಾನೂರು ಕಮ್ಮಿಯಾಯಿತು,' ಎಂದ. 'ಇರಲಿ ಬಿಡು.'