ಹುರುಪೆ ಎಣಿಕೆ

ಕೊಲ್ಹಾರದ ಹಿನ್ನೀರ ದಂಡೆಗೆ
ಲಗಮವ್ವನ ಬೋಗಾಣಿ. ಒಳಗೆ ಒಂದೇ ಮೀನು,
ಕಿರುಬೆರಳಿನಷ್ಟು.

ಭೂತಗನ್ನಡಿ ಹಿಡಿದೆ.
ಮೀಸೆ ಇಲ್ಲ.
ಬೆನ್ನರೆಕ್ಕೆಯ ಬುಡಕ್ಕೊಂದು ಮಸಿಬೊಟ್ಟು,
ಬಾಲದ ಬುಡಕ್ಕೆ ಇನ್ನೊಂದು,
ದೃಷ್ಟಿಗೆ ಹೆದರಿದ ಯಾರೋ
ಎರಡು ಸಲ ಇಟ್ಟಂತೆ.
ಪಕ್ಕೆಯ ಗೆರೆಗುಂಟ ಹುರುಪೆ ಎಣಿಸಿದೆ:
ಇಪ್ಪತ್ತು, ಇಪ್ಪತ್ತೊಂದು,
ಪುಳಕ್ಕನೆ ತಿರುಗಿತು.
ಮತ್ತೆ ಒಂದರಿಂದ.

"ಸತ್ತ ಮ್ಯಾಲ ಎಣಸ್ರಿ, ಸುಮ್ನ ಇರ್ತೈತಿ" ಅಂದಳು.
"ಆದ್ರ ಆಗ
ಗಲ್ಲದ ಕೆಂಪ ಇರಂಗಿಲ್ಲ ನೋಡ್ರಿ."

ವಹಿಯಲ್ಲಿ ಬರೆದೆ:
ಹುರುಪೆ, ಸುಮಾರು ಇಪ್ಪತ್ಮೂರು.
ಗಲ್ಲದ ಕೆಂಪು, ಇತ್ತು.
ಹೆಸರಿನ ಎದುರು ಜಾಗ ಬಿಟ್ಟು
ಬೋಗಾಣಿ ನೀರಿಗೆ ಬಾಗಿಸಿದೆ.

"ಇದಕ್ಕ ನೀವು ಏನಂತೀರಿ, ಲಗಮವ್ವ?"
"ಹತ್ತು ರೂಪಾಯಿ ಅಂತೀನ್ರಿ.
ಬಿಟ್ಟಿದ್ದು ನೀವು, ಹಿಡಿದಾಕಿ ನಾನು."